ಅಂಗಡಿಯ ಲೆಕ್ಕ ಏಜೆಂಟ್ ಕೈಗೆ: ಟೂಲ್‌ಗೆ ವಿವರಣೆ ಬರೆಯುವ ಬಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಕೆಲಸ ಮಾಡುವ ಡೆವಲಪರ್‌ಗಳು ಇಲ್ಲಿದ್ದೀರಿ. ಸಯ್ಯಾಜಿರಾವ್ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಆನ್‌ಲೈನ್‌ನಲ್ಲೂ ಮಾರುವವರು ಇದ್ದೀರಿ. ಇಬ್ಬರಿಗೂ ತಲುಪುವ ಹಾಗೆ ಮಾತಾಡಲು ನೋಡುತ್ತೇನೆ.

ನಮ್ಮ ಮುಂದಿರುವುದು ಒಂದು ಸಣ್ಣ ಟೂಲ್. ಮಾರಾಟಗಾರರ ಐಡಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಕೊಟ್ಟರೆ, ಎಷ್ಟು ಕ್ಲಿಕ್, ಎಷ್ಟು ಆರ್ಡರ್, ಎಷ್ಟು ರಿಟರ್ನ್, ಕನ್ವರ್ಷನ್ ರೇಟ್ (ನೂರು ಕ್ಲಿಕ್‌ಗೆ ಎಷ್ಟು ಆರ್ಡರ್) ಎಷ್ಟು ಎಂದು ತಂದುಕೊಡುತ್ತದೆ. ಅದನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್, ಅಂದರೆ ನಾವು ಕೇಳಿದ್ದಕ್ಕೆ ತಾನೇ ಟೂಲ್ ಕರೆದು ಉತ್ತರ ತರುವ ಸಾಫ್ಟ್‌ವೇರ್. ಇಂಥ ಟೂಲ್‌ಗೆ ಕೋಡ್ ಬರೆಯುವುದು ಕಷ್ಟವಲ್ಲ. ವಿವರಣೆ ಬರೆಯುವುದೇ ಜಾಸ್ತಿ ಕೆಲಸ ಎನ್ನುವುದು ನನ್ನ ವಾದ.

ಯಾಕೆ ಅಂತೀರಾ? 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಕಂಪನಿ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಹೊರತಂದಿತು. ಏಜೆಂಟ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ಪದ್ಧತಿ ಅದು. ಅದರಲ್ಲಿ ಒಂದು ಟೂಲ್ ಬಗ್ಗೆ ಏಜೆಂಟ್‌ಗೆ ಸಿಗುವುದು ಮುಖ್ಯವಾಗಿ ಮೂರು: ಹೆಸರು, ವಿವರಣೆ, ಏನೇನು ಕೊಟ್ಟು ಕರೆಯಬೇಕು ಎಂದು ಹೇಳುವ ಜೇಸನ್ ಸ್ಕೀಮಾ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಗೊತ್ತಾಗದಿದ್ದರೆ ಪಕ್ಕದ ಸೀಟಿನವರನ್ನು ಕೇಳುತ್ತಾನೆ. ಏಜೆಂಟ್ ಎಷ್ಟೋ ಸಲ ಕೇಳುವುದೇ ಇಲ್ಲ. ಊಹೆ ಮಾಡಿಕೊಂಡು ಮುಂದೆ ಹೋಗುತ್ತದೆ. ಅದೂ ಎಷ್ಟು ಧೈರ್ಯವಾಗಿ!

ಈಗ ಒಂದು ಅಗರಬತ್ತಿ ಅಂಗಡಿ ಇದೆ ಎಂದುಕೊಳ್ಳಿ. ವಾರದಲ್ಲಿ 200 ಕ್ಲಿಕ್ ಬಂತು, 10 ಆರ್ಡರ್ ಆಯಿತು. ಕನ್ವರ್ಷನ್ ರೇಟ್ ಶೇಕಡ 5. ಅದರಲ್ಲಿ 3 ಆರ್ಡರ್ ವಾಪಸ್ ಬಂದವು. ಉಳಿದ ಏಳನ್ನು ಮಾತ್ರ ಹಿಡಿದರೆ ಶೇಕಡ 3.5. ಎರಡೂ ಸರಿಯಾದ ಲೆಕ್ಕವೇ. ಟೂಲ್ ಯಾವುದನ್ನು ಕೊಡುತ್ತದೆ? ವಿವರಣೆಯಲ್ಲಿ ‘ಮಾರಾಟಗಾರರ ಮಾಹಿತಿ ಕೊಡುತ್ತದೆ’ ಎಂದಷ್ಟೇ ಬರೆದಿದ್ದರೆ ಏಜೆಂಟ್‌ಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಟೂಲ್‌ನಿಂದ ಬೇರೆ ಅಂಗಡಿಯ, ರಿಟರ್ನ್ ಕಳೆದ 4 ತಂದು, ಈ 5ರ ಪಕ್ಕ ಇಟ್ಟು, ಇದೇ ಮೇಲು ಎಂದುಬಿಡುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ: ‘ಕನ್ವರ್ಷನ್ ರೇಟ್ ಎಂದರೆ ಬಂದ ಆರ್ಡರ್‌ಗಳನ್ನು ಕ್ಲಿಕ್‌ನಿಂದ ಭಾಗಿಸಿದ್ದು. ರಿಟರ್ನ್ ಕಳೆದಿಲ್ಲ. 5 ಎಂದರೆ ಶೇಕಡ 5, 0.05 ಎಂಬ ರೂಪದಲ್ಲಿ ಬರುವುದಿಲ್ಲ. ರಿಟರ್ನ್ ಅವಧಿ ಮುಗಿಯದ ಆರ್ಡರ್‌ಗಳೂ ಸೇರಿರುತ್ತವೆ. ಹಾಗಾಗಿ ಹೊಸ ತಾರೀಕುಗಳ ರಿಟರ್ನ್ ಅಂಕಿ ಮುಂದೆ ಬದಲಾಗಬಹುದು.’ ಕೊನೆಯ ಸಾಲನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಿನ್ನೆಯ ವ್ಯಾಪಾರದಲ್ಲಿ ರಿಟರ್ನ್ ಸೊನ್ನೆ ಇರುತ್ತದೆ. ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದಲ್ಲ, ಸರಕು ಇನ್ನೂ ಗಿರಾಕಿ ಮನೆಗೇ ಮುಟ್ಟಿಲ್ಲ ಅಷ್ಟೇ.

ತಾರೀಕಿನ ವಿಷಯ ಇನ್ನೂ ತಲೆನೋವು. ಸರ್ವರ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಓಡುತ್ತಿದ್ದರೆ, ಅದರ ದಿನ ಶುರುವಾಗುವುದು ನಮ್ಮ ಬೆಳಗ್ಗೆ 5.30ಕ್ಕೆ. ರಾತ್ರಿ ಒಂದು ಗಂಟೆಗೆ ಬಂದ ಆರ್ಡರ್ ಹಿಂದಿನ ದಿನದ ಖಾತೆಗೆ ಹೋಗುತ್ತದೆ. ಹಬ್ಬದ ಸೇಲ್‌ಗಳು ಎಷ್ಟೋ ಸಲ ಶುರುವಾಗುವುದೇ ನಡುರಾತ್ರಿ, ಅಲ್ವಾ? ಯಾವ ಸಮಯ ಹಿಡಿದಿದ್ದೀರಿ ಎಂದು ಬರೆಯಿರಿ. ಕೊನೆಯ ತಾರೀಕು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ಅದನ್ನೂ ಬರೆಯಿರಿ.

ನಮ್ಮೂರಿಗೆ ಇನ್ನೊಂದು ತೊಡಕು ದಸರಾ. 2024ರಲ್ಲಿ ಜಂಬೂಸವಾರಿ ಅಕ್ಟೋಬರ್ 12ಕ್ಕೆ ಇತ್ತು. 2025ರಲ್ಲಿ ಅಕ್ಟೋಬರ್ 2ಕ್ಕೇ ಮುಗಿಯಿತು. ‘ಹೋದ ವರ್ಷಕ್ಕೆ ಹೋಲಿಸು’ ಎಂಬ ಆಯ್ಕೆ ಸುಮ್ನೆ ಅದೇ ತಾರೀಕುಗಳನ್ನು ಹಿಡಿದರೆ, ಅಕ್ಟೋಬರ್ 3ರಿಂದ 12ರ ಲೆಕ್ಕದಲ್ಲಿ ಒಂದು ಕಡೆ ಪೂರ್ತಿ ಹಬ್ಬ, ಇನ್ನೊಂದು ಕಡೆ ಹಬ್ಬ ಮುಗಿದ ಮೇಲಿನ ಊರು. ವ್ಯಾಪಾರ ಬಿದ್ದುಹೋಯಿತು ಎಂದು ಏಜೆಂಟ್ ವರದಿ ಕೊಟ್ಟರೆ ಅದರ ತಪ್ಪೇನು? ‘ಹೋಲಿಕೆ ಕ್ಯಾಲೆಂಡರ್ ತಾರೀಕಿನ ಪ್ರಕಾರ, ಹಬ್ಬದ ಲೆಕ್ಕ ಬೇಕಾದರೆ ಎರಡೂ ವರ್ಷದ ತಾರೀಕು ಬೇರೆ ಬೇರೆ ಕೊಟ್ಟು ಎರಡು ಸಲ ಕರೆಯಿರಿ’ ಎಂಬ ಒಂದು ಸಾಲು ಸಾಕು.

ಸಣ್ಣಪುಟ್ಟವು ಇನ್ನೂ ಇವೆ. ಹಣ ರೂಪಾಯಿಯೋ ಪೈಸೆಯೋ? ಜಿಎಸ್‌ಟಿ ಸೇರಿದೆಯೋ? ಮಾಹಿತಿ ಇಲ್ಲದಿದ್ದರೆ ‘ನಲ್’ (ಖಾಲಿ ಎಂಬ ಗುರುತು) ಕೊಡಿ, ಸೊನ್ನೆ ಕೊಡಬೇಡಿ. ಎರಡಕ್ಕೂ ಇರುವ ವ್ಯತ್ಯಾಸವನ್ನು ವಿವರಣೆಯಲ್ಲಿ ಹೇಳಿ. ಎರರ್ ಬಂದಾಗ ‘ವಿಫಲವಾಗಿದೆ’ ಎಂದಷ್ಟೇ ಹೇಳಿದರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕರೆಯುತ್ತಾ ಕೂರುತ್ತದೆ. ‘ಶುರುವಿನ ತಾರೀಕು ಕೊನೆಯ ತಾರೀಕು ಆದ ಮೇಲೆ ಬರುತ್ತದೆ’ ಎಂದರೆ ತಾನೇ ತಿದ್ದಿಕೊಳ್ಳಬಲ್ಲದು.

ಅಂಗಡಿಯವರು ಒಂದು ಮಾತು ಗಮನಿಸಬೇಕು. ‘ಬೇರೆಯವರ ಲೆಕ್ಕ ತೋರಿಸಬೇಡ’ ಎಂದು ವಿವರಣೆಯಲ್ಲಿ ಬರೆದ ಮಾತ್ರಕ್ಕೆ ನಿಮ್ಮ ಲೆಕ್ಕ ಭದ್ರವಾಗುವುದಿಲ್ಲ. ಯಾರಿಗೆ ಯಾವ ಮಾಹಿತಿ ಎನ್ನುವ ತಡೆ ಸರ್ವರ್‌ನಲ್ಲೇ ಇರಬೇಕು. ಟೂಲ್ ಮಾರಲು ಬಂದವರನ್ನು ಮೊದಲು ಇದನ್ನೇ ಕೇಳಿ.

ಬರೆದಾದ ಮೇಲೆ ಪರೀಕ್ಷೆ ಮಾಡುವುದು ಹೇಗೆ? ಡೆವಲಪರ್ ಕೇಳುವ ಪ್ರಶ್ನೆ ಬೇಡ. ಅಂಗಡಿಯವರು ಕೇಳುವ ಹಾಗೇ ಕೇಳಿ: ‘ಈ ಸಲ ಹಬ್ಬದಲ್ಲಿ ವ್ಯಾಪಾರ ಹೆಂಗಾಯ್ತು?’ ಏಜೆಂಟ್ ಯಾವ ತಾರೀಕು ಹಾಕಿ ಟೂಲ್ ಕರೆಯಿತು ಎಂದು ಲಾಗ್‌ನಲ್ಲಿ, ಅಂದರೆ ಕರೆಗಳ ದಾಖಲೆಯಲ್ಲಿ ನೋಡಿ. ತಪ್ಪು ತಾರೀಕು ಹಾಕಿದ್ದರೆ ಕೋಡ್ ಮುಟ್ಟುವ ಮೊದಲು ವಿವರಣೆಯನ್ನು ತಿದ್ದಿ, ಅದೇ ಪ್ರಶ್ನೆ ಮತ್ತೆ ಕೇಳಿ. ಲ್ಯಾಪ್‌ಟಾಪ್ ತಂದವರು ತೆಗೆಯಿರಿ. ಪಕ್ಕದಲ್ಲಿ ಅಂಗಡಿಯವರು ಇದ್ದರೆ ಪ್ರಶ್ನೆ ಅವರೇ ಕೇಳಲಿ.