ಕಾಳುಮೆಣಸಿನ ಅಳತೆಯಲ್ಲಿ ಆಕಾಶ

ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯ ಡಬ್ಬಿಯಿಂದ ಒಂದಿಷ್ಟು ಕಾಳುಮೆಣಸು ಆರಿಸಿಕೊಳ್ಳಿ. ಜೊಳ್ಳು ಬೇಡ, ತುಂಬಿದ ಕಾಳು. ಹತ್ತು ಕಾಳುಗಳನ್ನು ಸ್ಕೇಲಿನ ಪಕ್ಕ ಒತ್ತಾಗಿ ಸಾಲಿಟ್ಟರೆ 5 ಸೆಂಟಿಮೀಟರ್ ಬರಬೇಕು. ಅದರಲ್ಲಿ ಒಂದನ್ನು ಪೊರಕೆಕಡ್ಡಿಯ ತುದಿಗೆ ಗೋಂದು ಹಾಕಿ ಅಂಟಿಸಿ. ಹುಣ್ಣಿಮೆಯ ಸಂಜೆ ಚಂದ್ರ ಗುಡ್ಡದ ಮೇಲಕ್ಕೆ ಬಂದಾಗ ಒಂದು ಕಣ್ಣು ಮುಚ್ಚಿ, ಆ ಕಾಳನ್ನು ಚಂದ್ರನಿಗೆ ಅಡ್ಡ ಹಿಡಿಯಿರಿ. ಕಣ್ಣಿನ ಹತ್ತಿರ ಇದ್ದಾಗ ಕಾಳು ಚಂದ್ರನನ್ನು ಪೂರಾ ನುಂಗಿಬಿಡುತ್ತದೆ. ನಿಧಾನವಾಗಿ ದೂರ ಒಯ್ಯುತ್ತ ಹೋದರೆ ಒಂದು ಕಡೆ ಅಂಚಿಗೆ ಅಂಚು ಸರಿಯಾಗಿ ಕೂಡುತ್ತದೆ. ಅಲ್ಲಿ ಕೈ ನಿಲ್ಲಿಸಿ. ಕಣ್ಣಿನಿಂದ ಕಾಳಿಗೆ ಎಷ್ಟು ದೂರ ಎಂದು ಇನ್ನೊಬ್ಬರು ಟೇಪು ಹಿಡಿದು ನೋಡಲಿ. 55 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಎಂದರೆ ಕಾಳಿನ ಅಗಲದ 110 ಪಟ್ಟು. ಚಂದ್ರನ ಲೆಕ್ಕವೂ ಇದೇ. ಅವನು ಎಷ್ಟೇ ದೊಡ್ಡವನಿರಲಿ, ತನ್ನ ಅಗಲದ 110 ಪಟ್ಟು ದೂರದಲ್ಲಿ ಇದ್ದಾನೆ.

ಕತ್ತಲಾದ ಮೇಲೆ ಮಾಡಿದರೆ ಈ ಅಳತೆ ಕೆಡುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗಿ ಹೆಚ್ಚುಕಡಿಮೆ ಕಾಳಿನಷ್ಟೇ ಅಗಲವಾಗುತ್ತದೆ. ಆಗ ಕಾಳಿನ ಅಂಚು ಮಸುಕಾಗಿ, ಚಂದ್ರನ ಬೆಳಕು ಸುತ್ತಲಿಂದ ಸೋರುತ್ತದೆ. ಬೆಳಕು ಇನ್ನೂ ಪೂರ್ತಿ ಆರದ ಮುಸ್ಸಂಜೆಯೇ ಒಳ್ಳೆಯದು. ಅದೂ ತಪ್ಪಿತೆಂದರೆ, ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ ಅದರ ಮೂಲಕ ನೋಡಿ. ಇದೇ ಕಡ್ಡಿಯಿಂದ ಇನ್ನೊಂದು ಜಗಳವನ್ನೂ ಮುಗಿಸಬಹುದು. ಮೂಡುವಾಗ ಚಂದ್ರ ಹರಿವಾಣದಷ್ಟು, ನೆತ್ತಿಗೆ ಬಂದಾಗ ತಟ್ಟೆಯಷ್ಟು ಎನ್ನುತ್ತೇವಲ್ಲ, ಕಾಳು ಎರಡು ಹೊತ್ತಿನಲ್ಲೂ ಅದೇ 55 ಸೆಂಟಿಮೀಟರನ್ನೇ ತೋರಿಸುತ್ತದೆ. ಹಿಗ್ಗುವುದು ನಮ್ಮ ಮನಸ್ಸಿನಲ್ಲಿ.

ಆಕಾಶದ ದೂರಗಳನ್ನು ಕೇಳಿದವರು ಬೆರಗಾಗುತ್ತಾರೆ, ಇಲ್ಲವೇ ಒಳಗೊಳಗೇ ನಗುತ್ತಾರೆ: ಅಲ್ಲಿಗೆ ಯಾರು ಟೇಪು ಹಿಡಿದು ಹೋಗಿದ್ದರು? ನ್ಯಾಯವಾದ ಪ್ರಶ್ನೆ. ಉತ್ತರ ಒಂದು ಏಣಿಯಂತೆ ಇದೆ. ಪ್ರತಿ ಮೆಟ್ಟಿಲೂ ಕೆಳಗಿನ ಮೆಟ್ಟಿಲ ಮೇಲೆ ನಿಂತಿದೆ, ಎಲ್ಲಕ್ಕಿಂತ ಕೆಳಗಿನದು ನಿಮ್ಮ ಅಡಿಕೆ ಒಣಗಿಸುವ ಅಂಗಳದಲ್ಲಿದೆ.

ಮೊದಲು ಭೂಮಿಯ ಗಾತ್ರ. ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಎನ್ನುವುದು ಬರೀ ರೂಢಿಯ ಮಾತು. ಶಿವಮೊಗ್ಗದಲ್ಲಿ ಅವನು ನೆಟ್ಟಗೆ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಏಪ್ರಿಲ್ 27-28ರ ಹೊತ್ತಿಗೆ ಒಮ್ಮೆ, ಆಗಸ್ಟ್ 15ರ ಆಸುಪಾಸಿಗೆ ಇನ್ನೊಮ್ಮೆ. ಅದೂ 12ಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಮೇಲೆ. ನಾವು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ 4 ನಿಮಿಷದಂತೆ ಸೂರ್ಯ ತಡವಾಗುತ್ತಾನೆ. ಏಪ್ರಿಲಿನಲ್ಲಿ 12 ಗಂಟೆ 25 ನಿಮಿಷದ ಹೊತ್ತಿಗೆ ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಆಗಸ್ಟಿನ ದಿನವನ್ನು ಮಲೆನಾಡಿನವರು ನೆಚ್ಚಿಕೊಳ್ಳುವುದು ಬೇಡ. ಅವತ್ತು ಸೂರ್ಯ ಇದ್ದಾನೆಯೇ ಎನ್ನುವುದೇ ಸಂಶಯ.

ಕೋಲು ಒಂದು ಮೀಟರ್ ಉದ್ದದ್ದಿರಲಿ, ಗಾರೆಯವರ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಅದೇ ದಿನ ದೆಹಲಿಯಲ್ಲಿರುವ ನೆಂಟರಿಗೆ ಫೋನು ಮಾಡಿ, ಅಷ್ಟೇ ಉದ್ದದ ಕೋಲನ್ನು ನೆಟ್ಟು 12ರಿಂದ ಅರ್ಧ ಗಂಟೆ ನೆರಳು ಗುರುತು ಮಾಡಲು ಹೇಳಿ. ಅತಿ ಗಿಡ್ಡ ನೆರಳು ಸುಮಾರು 26 ಸೆಂಟಿಮೀಟರ್ ಬರುತ್ತದೆ. ಹಾಳೆಯ ಮೇಲೆ ಆ ತ್ರಿಕೋನ ಬರೆದು ಕೋನಮಾಪಕ ಇಟ್ಟರೆ 14.7 ಡಿಗ್ರಿ. ಎರಡು ಊರುಗಳ ನಡುವೆ ಭೂಮಿ ಬಾಗಿರುವುದು ಅಷ್ಟು. ಪೂರ್ತಿ ಸುತ್ತು 360 ಡಿಗ್ರಿ, ಅದರಲ್ಲಿ ಇಂಥ ಇಪ್ಪತ್ತನಾಲ್ಕೂವರೆ ತುಂಡುಗಳು. ಶಿವಮೊಗ್ಗದಿಂದ ದೆಹಲಿಗೆ ದಕ್ಷಿಣೋತ್ತರ ದೂರ ಸುಮಾರು 1,630 ಕಿಲೋಮೀಟರ್. ಗುಣಿಸಿದರೆ 40,000 ಕಿಲೋಮೀಟರ್ ಸುತ್ತಳತೆ, 12,700 ಕಿಲೋಮೀಟರ್ ವ್ಯಾಸ. ಇಲ್ಲಿ ರೈಲಿನ ಕಿಲೋಮೀಟರ್ ಹಾಕಿದಿರೋ, ಭೂಮಿ ಊದಿಕೊಳ್ಳುತ್ತದೆ. ನಕ್ಷೆಯಲ್ಲಿ ನೇರ ಉತ್ತರಕ್ಕೆ ಎಷ್ಟು ಎಂದೇ ಅಳೆಯಬೇಕು. ದೆಹಲಿಯವರೆಗೆ ಯಾಕೆ, ಬೆಳಗಾವಿ ಸಾಲದೇ ಎಂದರೆ ಸಾಲದು. ಅಲ್ಲಿ ನೆರಳು ಮೂರು ಸೆಂಟಿಮೀಟರಿಗೆ ತುಸು ಹೆಚ್ಚು, ಅಷ್ಟೇ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಮೀಟರ್ ಕೋಲಿನ ನೆರಳಿನ ತುದಿ 9 ಮಿಲಿಮೀಟರಿನಷ್ಟು ಮಸುಕಾಗಿಯೇ ಬೀಳುತ್ತದೆ. ಮೂರು ಸೆಂಟಿಮೀಟರಿನಲ್ಲಿ ಒಂದು ಸೆಂಟಿಮೀಟರ್ ಅನುಮಾನ ಇಟ್ಟುಕೊಂಡು ಭೂಮಿ ಅಳೆಯುವುದು ಹೇಗೆ? 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ್ದು ಇದೇ ಕೆಲಸ, ಅವನೂ ದೂರದ ಎರಡು ಊರುಗಳನ್ನೇ ಹಿಡಿದ.

ರಾತ್ರಿ ಇದಕ್ಕೆ ಸಾಕ್ಷಿ ಸಿಗುತ್ತದೆ. ಚಾಚಿದ ಕೈಯ ಒಂದು ಮುಷ್ಟಿ ಎಂದರೆ ಸುಮಾರು 10 ಡಿಗ್ರಿ. ಧ್ರುವನಕ್ಷತ್ರ ನಮಗೆ ಒಂದೂವರೆ ಮುಷ್ಟಿಯಷ್ಟೇ ಎತ್ತರ, ದೆಹಲಿಯಲ್ಲಿ ಸುಮಾರು ಮೂರು ಮುಷ್ಟಿ. ವ್ಯತ್ಯಾಸ ಹಗಲಿನ ನೆರಳು ಹೇಳಿದಷ್ಟೇ. ಮನೆಯ ಉತ್ತರಕ್ಕೆ ಗುಡ್ಡವೋ ತೋಟವೋ ಇದ್ದರೆ ಮಲೆನಾಡಿನಲ್ಲಿ ಧ್ರುವ ಕಾಣಿಸುವುದೇ ಇಲ್ಲ. ಅದಕ್ಕೆ ಬಯಲಿಗೇ ಬರಬೇಕು.

ಎರಡನೆಯ ಮೆಟ್ಟಿಲು ಚಂದ್ರಗ್ರಹಣ. 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣವಿದೆ, ಹತ್ತೂವರೆಯ ಸುಮಾರಿಗೆ ನಡುಘಟ್ಟ. ಹೊಸ ವರ್ಷದ ಗದ್ದಲದಲ್ಲಿ ಮರೆತುಬಿಡಬೇಡಿ. ಗ್ರಹಣ ಹಿಡಿಯುತ್ತಿರುವಾಗ ಚಂದ್ರನ ಮೇಲೆ ಬೀಳುವ ನೆರಳಿನ ಅಂಚು ಬಾಗಿರುತ್ತದೆ. ಅದು ಭೂಮಿಯ ನೆರಳಿನ ದುಂಡು. ಆ ಬಾಗನ್ನು ಕಾಗದದಲ್ಲಿ ಬರೆದು, ಯಾವ ದೊಡ್ಡ ವೃತ್ತಕ್ಕೆ ಅದು ಹೊಂದುತ್ತದೆ ಎಂದು ಕೈವಾರದಿಂದ ನೋಡಿ. ಚಂದ್ರನ ಸುಮಾರು 2.7 ಪಟ್ಟು ಅಗಲದ ವೃತ್ತ ಸಿಗುತ್ತದೆ. ಆದರೆ ಭೂಮಿಯ ನೆರಳು ಗೋಪುರದ ಹಾಗೆ ಚೂಪಾಗುತ್ತ ಹೋಗುತ್ತದೆ. ಚಂದ್ರನನ್ನು ತಲುಪುವ ಹೊತ್ತಿಗೆ ಒಬ್ಬ ಚಂದ್ರನಷ್ಟು ಅಗಲ ಕಳೆದುಕೊಂಡಿರುತ್ತದೆ. ಅದನ್ನು ಕೂಡಿಸಿದರೆ ಭೂಮಿ 3.7 ಚಂದ್ರರಷ್ಟು ಅಗಲ. 12,700ನ್ನು 3.7ರಿಂದ ಭಾಗಿಸಿದರೆ ಚಂದ್ರನ ವ್ಯಾಸ 3,400 ಚಿಲ್ಲರೆ ಕಿಲೋಮೀಟರ್. ಕಾಳುಮೆಣಸು ಕೊಟ್ಟ 110ರಿಂದ ಗುಣಿಸಿ: ಸುಮಾರು 3 ಲಕ್ಷ 80 ಸಾವಿರ ಕಿಲೋಮೀಟರ್. ಇಂದು ಲೇಸರ್ ಬಿಟ್ಟು ಅಳೆದರೆ ಸರಾಸರಿ 3,84,400. ಪೊರಕೆಕಡ್ಡಿ, ಕೈವಾರ, ಒಂದು ಫೋನು ಕರೆ ಇಷ್ಟರಲ್ಲಿ ಇಲ್ಲಿಗೆ ಬಂದೆವು.

ಮೂರನೆಯ ಮೆಟ್ಟಿಲು ಸೂರ್ಯ. ಇದರಲ್ಲಿ ಜಾರಿದವರೇ ಹೆಚ್ಚು. ಅರಿಸ್ಟಾರ್ಕಸ್ ಎಂಬ ಗ್ರೀಕ್ ಪಂಡಿತನ ಉಪಾಯವೇನೋ ಚೆನ್ನಾಗಿತ್ತು. ಚಂದ್ರ ಸರಿಯಾಗಿ ಅರ್ಧ ಬೆಳಗಿದ ಗಳಿಗೆಯಲ್ಲಿ ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನ ಅಳೆಯುವುದು. ಅವನು 87 ಡಿಗ್ರಿ ಎಂದ. ನಿಜವಾಗಿ 89.85. ಚಂದ್ರ ಸರಿಯಾಗಿ ಅರ್ಧವಾದ ನಿಮಿಷವನ್ನು ಬರಿಗಣ್ಣು ಹಿಡಿಯಲಾರದು. ಮೂರು ಡಿಗ್ರಿಗೆ ತುಸು ಕಡಿಮೆಯಾದ ಆ ತಪ್ಪಿಗೆ ಸೂರ್ಯ ಚಂದ್ರನಿಗಿಂತ 390 ಪಟ್ಟು ದೂರ ಎನ್ನುವ ಬದಲು 19 ಪಟ್ಟು ಎಂದು ಬಂತು. ಆ ತಪ್ಪು ಸಾವಿರಕ್ಕೂ ಹೆಚ್ಚು ವರ್ಷ ಬಾಳಿತು.

ಸರಿಯಾದ ಉತ್ತರ ಸಿಕ್ಕಿದ್ದು ಶುಕ್ರ ಸೂರ್ಯಬಿಂಬವನ್ನು ದಾಟಿದಾಗ, 1761 ಮತ್ತು 1769ರಲ್ಲಿ. ದೂರದೂರದ ಊರುಗಳಿಂದ ನೋಡಿದರೆ ಶುಕ್ರ ದಾಟುವ ಗೆರೆ ತುಸು ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ಆ ಸರಿತದಿಂದ ದೂರದ ಲೆಕ್ಕ. ಫ್ರಾನ್ಸಿನ ಲ ಜಾಂತೀ ಇದಕ್ಕೆಂದೇ ಪುದುಚೇರಿಗೆ ಹೊರಟ. ಅವನು ತಲುಪುವ ಮೊದಲೇ ಊರು ಇಂಗ್ಲಿಷರ ಪಾಲಾಗಿತ್ತು. 1761ರಲ್ಲಿ ಓಲಾಡುವ ಹಡಗಿನ ಮೇಲೆ ನಿಂತು ನೋಡಿದ್ದು ಲೆಕ್ಕಕ್ಕೆ ಬರಲಿಲ್ಲ. ಎಂಟು ವರ್ಷ ಈ ಕಡೆಯೇ ಉಳಿದು, ಪುದುಚೇರಿಯಲ್ಲಿ ವೀಕ್ಷಣಾಲಯ ಕಟ್ಟಿಸಿ ಕಾದ. 1769ರ ಜೂನಿನ ಆ ಬೆಳಗ್ಗೆ ಮೋಡ ಮುಚ್ಚಿತು. ಜೂನ್ ತಿಂಗಳ ಮೋಡ ಎಂದರೆ ಏನೆಂದು ಆಗುಂಬೆ, ಹೊಸನಗರದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆ ಆಕಾಶ ತಿಳಿಯಾಗಿದ್ದವರ ಲೆಕ್ಕದಿಂದ 15 ಕೋಟಿ ಕಿಲೋಮೀಟರಿನ ಹತ್ತಿರದ ಸಂಖ್ಯೆ ಸಿಕ್ಕಿತು. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಬಿಟ್ಟು, ಮರುದನಿ ಬರಲು ಹಿಡಿದ ಹೊತ್ತಿನಿಂದ ಅದನ್ನು ತಿದ್ದಿದರು: 14 ಕೋಟಿ 96 ಲಕ್ಷ.

ಈ ಅಳತೆಗಳನ್ನೆಲ್ಲ ಈಗ ನೆಲಕ್ಕೆ ಇಳಿಸೋಣ. ಅದೇ ಕಾಳುಮೆಣಸು ಭೂಮಿ. ಚಂದ್ರ ಒಂದು ಸಾಸಿವೆ ಕಾಳು, ಆರು ಇಂಚು ಆಚೆ. ಮನುಷ್ಯ ಇದುವರೆಗೆ ಕಾಲಿಟ್ಟಿದ್ದು ಆ ಆರು ಇಂಚಿನೊಳಗೇ. ಸೂರ್ಯ 55 ಸೆಂಟಿಮೀಟರ್ ಅಗಲ, ಬಚ್ಚಲ ಹಂಡೆಯಷ್ಟು. ಹಂಡೆಯಿಂದ ಕಾಳಿಗೆ 59 ಮೀಟರ್, ಸುಮಾರು 80 ಹೆಜ್ಜೆ. ಶಾಲೆಯಲ್ಲಿ ಇದನ್ನು ಮಾಡಿಸುವ ಮೇಷ್ಟ್ರುಗಳಿಗೆ ಒಂದು ಮಾತು: 59 ಮೀಟರ್ ಆಚೆಯ ಕಾಳು ಯಾರ ಕಣ್ಣಿಗೂ ಕಾಣುವುದಿಲ್ಲ, ಬಿಳಿ ರಟ್ಟಿಗೆ ಅಂಟಿಸಿ ಗೂಟಕ್ಕೆ ಕಟ್ಟಿ. ಅಳತೆ ಸರಿಯಿದೆಯೇ ಎಂದು ನೋಡಲು ಕಾಳಿನ ಜಾಗದಲ್ಲಿ ನಿಂತು, ಮೊದಲಿನ ಪೊರಕೆಕಡ್ಡಿಯ ಮೆಣಸನ್ನು ಕೈಚಾಚಿ ಹಂಡೆಗೆ ಅಡ್ಡ ಹಿಡಿಯಿರಿ. ಚಂದ್ರ ಮುಚ್ಚಿದಷ್ಟೇ ಸರಿಯಾಗಿ ಹಂಡೆಯೂ ಮುಚ್ಚಬೇಕು. ಆರು ಇಂಚು ಆಚೆ ಹಿಡಿದ ಸಾಸಿವೆಯೂ ಅದನ್ನು ಮುಚ್ಚುತ್ತದೆ. ಪೂರ್ಣ ಸೂರ್ಯಗ್ರಹಣದ ಗುಟ್ಟು ಇಷ್ಟೇ. 1980ರ ಫೆಬ್ರವರಿ 16ರಂದು ಆ ಸಾಸಿವೆಯ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದುಹೋಯಿತು. ನಿಜವಾದ ಸೂರ್ಯನಿಗೆ ಮಾತ್ರ ಈ ಕಡ್ಡಿ ಹಿಡಿಯಬೇಡಿ, ಕಣ್ಣು ಸುಡುತ್ತದೆ.

ಗುರು ಗ್ರಹ ಸಿಪ್ಪೆಯಿರುವ ಹಣ್ಣಡಿಕೆಯಷ್ಟು, 305 ಮೀಟರಿನಲ್ಲಿ. ಶನಿ ಅದಕ್ಕಿಂತ ತುಸು ಸಣ್ಣದು, ಅರ್ಧ ಕಿಲೋಮೀಟರ್ ದಾಟಿ. ಕೊನೆಯ ನೆಪ್ಚೂನ್ ಸುಲಿದ ಅಡಿಕೆ, ಒಂದು ಮುಕ್ಕಾಲು ಕಿಲೋಮೀಟರಿನಲ್ಲಿ. ಪುಸ್ತಕದ ಚಿತ್ರಗಳು ಇವನ್ನೆಲ್ಲ ಒಂದೇ ಪುಟದಲ್ಲಿ ಒತ್ತೊತ್ತಾಗಿ ಕೂರಿಸುವುದರಿಂದ ಆಗಿರುವ ಹಾನಿ ಸಣ್ಣದಲ್ಲ. ಹಂಡೆಯನ್ನು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಟ್ಟರೆ, 1977ರಲ್ಲಿ ಹೊರಟ ವಾಯೇಜರ್-1 ನೌಕೆ ಇಷ್ಟು ವರ್ಷ ಓಡಿ ಈಗ ಭದ್ರಾವತಿಯ ಅರ್ಧ ದಾರಿಯಲ್ಲಿದೆ. ಈ ಅಳತೆಯಲ್ಲಿ ಬೆಳಕು ಹೋಗುವುದು ಸೆಕೆಂಡಿಗೆ 12 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಅದನ್ನು ಹಿಂದೆ ಹಾಕುತ್ತದೆ.

ಹಾಗಾದರೆ ಪಕ್ಕದ ಮನೆಯ ಹಂಡೆ, ಎಂದರೆ ನಮ್ಮ ಸೂರ್ಯನಂಥ ಹತ್ತಿರದ ನಕ್ಷತ್ರ ಆಲ್ಫಾ ಸೆಂಟಾರಿ, ಎಲ್ಲಿ? ತೀರ್ಥಹಳ್ಳಿ? ಬೆಂಗಳೂರು? 16,200 ಕಿಲೋಮೀಟರ್ ಆಚೆ, ಮೆಕ್ಸಿಕೋ ನಗರದಲ್ಲಿ. ನಡುವೆ ಹೇಳಿಕೊಳ್ಳುವಂಥದ್ದು ಬಹಳ ಕಡಿಮೆ. ಈ ನಕ್ಷತ್ರ ಏಪ್ರಿಲಿನ ನಡುರಾತ್ರಿ ಕಳೆದ ಮೇಲೆ ನಮ್ಮ ದಕ್ಷಿಣ ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಕಾಣುತ್ತದೆ.

ಅಷ್ಟು ದೂರವನ್ನು ಅಳೆದದ್ದೂ ಅಂಗಳದ ಉಪಾಯದಿಂದಲೇ. ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಹಿಂದಿನ ಮರಕ್ಕೆ ಎದುರಾಗಿ ಆ ಕಡೆ ಈ ಕಡೆ ಜಿಗಿಯುತ್ತದೆ. ಎರಡು ಕಣ್ಣಿನ ಬದಲು ಜನವರಿಯ ಭೂಮಿ, ಜುಲೈನ ಭೂಮಿ ಎಂದುಕೊಳ್ಳಿ. ಹತ್ತಿರದ ನಕ್ಷತ್ರ ದೂರದವುಗಳ ಎದುರು ತುಸು ಸರಿಯುತ್ತದೆ. 1838ರಲ್ಲಿ ಬೆಸೆಲ್ ಹಂಸ ನಕ್ಷತ್ರಪುಂಜದ 61ನೆಯ ನಕ್ಷತ್ರಕ್ಕೆ ಇದನ್ನು ಅಳೆದು ತೋರಿಸಿದ. ಅವನು ಹಿಡಿದ ಕೋನ, ಮೂರು ಕಿಲೋಮೀಟರಿಗೂ ಆಚೆ ಇರುವ ಒಂದು ಕಾಳುಮೆಣಸಿನ ಅಗಲದಷ್ಟು. ಲೆಕ್ಕದಲ್ಲಿ ಬಳಸಿದ ಅಡ್ಡದೂರ ಭೂಮಿಯಿಂದ ಸೂರ್ಯನಿಗಿರುವ ದೂರ. ಅದು ತಪ್ಪಿದ್ದರೆ ಇದೂ ತಪ್ಪುತ್ತಿತ್ತು. 2013ರಲ್ಲಿ ಹಾರಿದ ಗಾಯಾ ಉಪಗ್ರಹ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳಿಗೆ ಇದೇ ಕೆಲಸ ಮಾಡಿತು. ಅದಕ್ಕೂ ಆಚೆಗೆ, ಮಿಡಿಯುವ ಒಂದು ಜಾತಿಯ ನಕ್ಷತ್ರಗಳು ದಾರಿ ತೋರುತ್ತವೆ. ಮಿಡಿತ ನಿಧಾನವಾದಷ್ಟೂ ನಿಜವಾದ ಹೊಳಪು ಹೆಚ್ಚು ಎಂದು 1912ರಲ್ಲಿ ಹೆನ್ರಿಯೆಟಾ ಲೆವಿಟ್ ಕಂಡುಕೊಂಡರು. ನಿಜವಾದ ಹೊಳಪು ಗೊತ್ತಾದರೆ, ನಮಗೆ ಎಷ್ಟು ಮಂದವಾಗಿ ಕಾಣುತ್ತದೆ ಎನ್ನುವುದರಿಂದ ದೂರ ಸಿಗುತ್ತದೆ. 1923ರಲ್ಲಿ ಖಗೋಳವಿಜ್ಞಾನಿ ಹಬಲ್ ಅಂಥದ್ದೊಂದನ್ನು ಆಂಡ್ರೊಮಿಡಾ ಎಂಬ ಆಕಾಶದ ಮಸುಕಿನಲ್ಲಿ ಹಿಡಿದಾಗ, ಆ ಮಸುಕು ನಮ್ಮ ಸೂರ್ಯನಿರುವ ನಕ್ಷತ್ರಕೂಟವಾದ ಹಾಲುಹಾದಿಯೊಳಗಿನ ಮಂಜಲ್ಲ, ಬೇರೆಯದೇ ನಕ್ಷತ್ರಕೂಟ, ಎಂದರೆ ಗೆಲಾಕ್ಸಿ, ಎಂದು ತೀರ್ಮಾನವಾಯಿತು.

ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರಕ್ಕೆ ಒಂದು ಜ್ಯೋತಿರ್ವರ್ಷ ಎನ್ನುತ್ತಾರೆ. ನಮ್ಮ ಸೂರ್ಯ ಹಾಲುಹಾದಿಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ಹೊರಗಿದ್ದಾನೆ. ಒಂದು ಸುತ್ತು ಬರಲು 23 ಕೋಟಿ ವರ್ಷದ ಸುಮಾರು. ಶಿವಮೊಗ್ಗ ಸೀಮೆಯ ಹಳೆಯ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅವು ಹುಟ್ಟಿದ ಮೇಲೆ ಸೂರ್ಯ ಹತ್ತು ಸುತ್ತಿಗೂ ಹೆಚ್ಚು ಹಾಕಿದ್ದಾನೆ. ಕಳೆದ ಒಂದು ಸುತ್ತಿನಲ್ಲಿ ಡೈನೊಸಾರ್‌ಗಳು ಬಂದವು, ಹೋದವು. ನಾವು ಬಂದದ್ದು ಆ ಸುತ್ತಿನ ಕೊನೆಯ ಅರ್ಧ ಹೆಜ್ಜೆಯಲ್ಲಿ.

ಆಂಡ್ರೊಮಿಡಾ ನೋಡಲು ದುರ್ಬೀನೇ ಬೇಕೆಂದಿಲ್ಲ. ನವೆಂಬರ್ ಕೊನೆಯ ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟೂವರೆ ಒಂಬತ್ತರ ಹೊತ್ತು, ಉತ್ತರಕ್ಕೆ ಮುಖ ಮಾಡಿ. ನಾಲ್ಕೂವರೆ ಮುಷ್ಟಿ ಎತ್ತರದಲ್ಲಿ ಐದು ನಕ್ಷತ್ರಗಳ ಎಮ್ ಅಕ್ಷರ ಕಾಣುತ್ತದೆ, ಕ್ಯಾಸಿಯೋಪಿಯ. ಕನ್ನಡದಲ್ಲಿ ಕುಂತಿ ಎಂದೂ ಕರೆಯುತ್ತಾರೆ. ಅದರ ಎಡಗಡೆಯ ಚೂಪು ಶಿಖರ ಬೆರಳು ಮಾಡಿ ತೋರಿದಂತೆ ಮೇಲಕ್ಕೆ ನೋಡುತ್ತದೆ. ಅದೇ ನೇರದಲ್ಲಿ ಒಂದೂವರೆ ಮುಷ್ಟಿ ಮೇಲೆ ಹತ್ತಿಯ ಎಳೆಯಂಥ ಒಂದು ಮಸುಕು. ನೆಟ್ಟ ನೋಟಕ್ಕೆ ಮಾಯವಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಓರೆಗಣ್ಣಿಗೆ ಸಿಗುತ್ತದೆ. ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಯಿತು. ಬೈನಾಕ್ಯುಲರ್ ಇದ್ದರೆ 7×50 ಅಥವಾ 10×50 ಸಾಕು, ಎಂದರೆ 7 ಇಲ್ಲವೇ 10 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲ ಇರುವಂಥದ್ದು. ಇಬ್ಬನಿ ಕೂತು ಗಾಜು ಮಬ್ಬಾಗುವುದೇ ಆ ತಿಂಗಳ ಕಾಟ. ನೆನೆಸಿ ಮೆತ್ತಗಾದ ಅಡಿಕೆ ಹಾಳೆಯನ್ನು ಸುರುಳಿ ಸುತ್ತಿ, ಒಣಗಿದ ಮೇಲೆ ನಾಲ್ಕು ಇಂಚು ಮುಂದಕ್ಕೆ ಚಾಚುವಂತೆ ಮೂತಿಗೆ ಕಟ್ಟಿ. ಪಂಚೆಯ ಚುಂಗಿನಿಂದ ಗಾಜು ಒರೆಸಬೇಡಿ.

ಕಣ್ಣು ಕತ್ತಲೆಗೆ ಒಗ್ಗಲು 20 ನಿಮಿಷ ಬೇಕು. ಅದು ಅಡಿಕೆ ಸುಲಿತದ ಕಾಲ, ಅಂಗಳದಲ್ಲಿ ದೊಡ್ಡ ದೊಡ್ಡ ಬಲ್ಬು ಉರಿಯುತ್ತಿರುತ್ತವೆ. ಸುಲಿಯುವವರು ಊಟಕ್ಕೆ ಏಳುವ ಅರ್ಧ ಗಂಟೆ ಮಾತ್ರ ದೀಪ ಆರಿಸಲು ಯಜಮಾನರನ್ನು ಒಪ್ಪಿಸಿ. ಮೊದಲ 20 ನಿಮಿಷ ಯಾರೂ ಮೊಬೈಲ್ ತೆಗೆಯದಿದ್ದರೆ, ಉಳಿದ ಹತ್ತು ನಿಮಿಷ ಎಲ್ಲರಿಗೂ ಸಾಕಾಗುತ್ತದೆ. ನಮಸ್ಕಾರ.