ಚರಂಡಿಯ ಒಂದಡಿ, ಎಂಟು ಫ್ಲಾಟು

ನಮಸ್ಕಾರ. ಇವತ್ತು ಒಂದು ಮಗ್ಗಿ ಲೆಕ್ಕ. 610ನ್ನು ಎಂಟರಿಂದ ಗುಣಿಸಿದರೆ ಎಷ್ಟು? 4,880. 610 ಅಂದರೆ ಎಂಟು ಫ್ಲಾಟಿನ ಒಂದು ಕಟ್ಟಡದಲ್ಲಿ ತಲಾ ಒಂದು ಫ್ಲಾಟಿಗೆ ಬರೆಸಿದ ನೆಲದ ಪಾಲು. ಆದರೆ ನೆಲ ಇರುವುದು 4,800 ಚದರ ಅಡಿ. ಉಳಿದ 80 ಅಡಿ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ನಮ್ಮ ಭಾವನ ಎರಡು ತಿಂಗಳು ಕಳೆದಿದೆ.

ಹಾಸನದಲ್ಲಿ ನಮ್ಮಂಥವರಿಗೆ ಮನೆ ಎಂದರೆ ಸೈಟು. ಮುಂದೆ ತುಳಸಿಕಟ್ಟೆ, ಹಿಂದೆ ಒಂದು ತೆಂಗಿನಮರ. ಚಕ್ಕುಬಂದಿ ಏನು ಎಂದರೆ ನಮ್ಮ ಅಜ್ಜಿಯೂ ಹೇಳುತ್ತಿದ್ದರು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ಈಗ ಭಾವ ತೆಗೆದುಕೊಳ್ಳಲು ಹೊರಟಿರುವ ಫ್ಲಾಟಿನ ಕರಡು ಕ್ರಯಪತ್ರ ನೋಡಿ. ಪೂರ್ವಕ್ಕೆ ಲಿಫ್ಟು, ಪಶ್ಚಿಮಕ್ಕೆ ಖಾಲಿ ಜಾಗ, ಉತ್ತರಕ್ಕೆ 302ನೇ ಫ್ಲಾಟು, ದಕ್ಷಿಣಕ್ಕೆ ಮತ್ತೆ ಖಾಲಿ ಜಾಗ. ಅಕ್ಕ ಓದಿ ಕೇಳಿದಳು: "ಎರಡು ಕಡೆ ಗಾಳಿ, ಒಂದು ಕಡೆ ಲಿಫ್ಟು. ನಮ್ದು ಅನ್ನೋ ನೆಲ ಎಲ್ಲಿದೆ ಇದರಲ್ಲಿ?"

ಸರಿಯಾದ ಪ್ರಶ್ನೆ. ಫ್ಲಾಟಿನ ಪತ್ರದಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲ್, ಅಂದರೆ ಆಸ್ತಿಯ ವಿವರದ ಪಟ್ಟಿ, ಇರುತ್ತವೆ. ಎ ಅಂದರೆ ಇಡೀ ಸೈಟು. ಸಿ ಅಂದರೆ ನಿಮ್ಮ ಗೋಡೆಗಳ ಒಳಗಿನ ಮನೆ. ನಡುವಿನ ಬಿ ಷೆಡ್ಯೂಲಿನಲ್ಲಿದೆ ನೆಲ. ಇಡೀ ಸೈಟಿನಲ್ಲಿ ನಿಮಗಿರುವ ವಿಭಾಗವಾಗದ ಹಕ್ಕು, ಎಲ್ಲರೂ ಬಾಯಲ್ಲಿ ಯುಡಿಎಸ್ ಎನ್ನುವುದು ಇದನ್ನೇ. ಬೇಲಿ ಹಾಕುವ ಹಾಗಿಲ್ಲ, ಕಾಲಿಟ್ಟು ತೋರಿಸುವ ಹಾಗಿಲ್ಲ. ಬರೀ ಒಂದು ಅಂಕಿ. ಆದರೆ ನಾಳೆ ಕಟ್ಟಡ ಬಿದ್ದರೆ ಕೈಯಲ್ಲಿ ಉಳಿಯುವುದು ಆ ಅಂಕಿ ಮಾತ್ರ.

ಸೈಟು 60 ಅಡಿಗೆ 80. ನಾಲ್ಕು ಮಹಡಿ, ಮಹಡಿಗೆ ಎರಡು ಮನೆ. ಒಟ್ಟು ಎಂಟು, ಅಂದರೆ ತಲಾ 600 ಅಡಿ ಬರಬೇಕು. ಬಿಲ್ಡರ್ 610 ಬರೆಸಿದ್ದಾರೆ. ಯಾಕೆ ಗೊತ್ತಾ? ಅವರು ಟೇಪು ಹಿಡಿದು ಅಳೆದಾಗ ಪಕ್ಕದ ಚರಂಡಿಯ ಒಂದಡಿಯೂ ಸೇರಿಕೊಂಡಿತ್ತು. 61 ಇಂಟು 80. ಖಾತೆಯಲ್ಲಿ 60, ಟೇಪಿನಲ್ಲಿ 61! ಆ ಒಂದಡಿ ಚರಂಡಿಯನ್ನು ಎಂಟು ಫ್ಲಾಟಿಗೆ ಹಂಚಿ ಮಾರಲು ಹೊರಟಿದ್ದಾರೆ. ಮೋಸ ಅಂತ ನಾನು ಹೇಳುವುದಿಲ್ಲ, ಉಡಾಫೆ ಅಂತ ಖಂಡಿತ ಹೇಳುತ್ತೇನೆ.

ಇನ್ನೂ ತಮಾಷೆ ಇದೆ. ಆರು ಫ್ಲಾಟುಗಳು ಇದೇ 610ರಲ್ಲಿ ಆಗಲೇ ರಿಜಿಸ್ಟರ್ ಆಗಿವೆ. ಆರು ಸಲ ನೋಂದಣಿ ಇಲಾಖೆಯ ಸಾಫ್ಟ್‌ವೇರ್ ಕಾವೇರಿ 2.0ದಲ್ಲಿ ಅರ್ಜಿ ಹೋಗಿದೆ, ಆರು ಸಲ ಕಾಗದ ಪರಿಶೀಲನೆ ಆಗಿದೆ, ದುಡ್ಡು ಕಟ್ಟಿದ್ದಾರೆ, ಹೆಬ್ಬೆಟ್ಟು, ಫೋಟೋ ಎಲ್ಲಾ ಮುಗಿದಿದೆ. ಒಂದು ಸಲವೂ ಯಾರೂ ಕೂಡಿಸಿ ನೋಡಲಿಲ್ಲ. ಭಾವನ ಸಾಲದ ಅರ್ಜಿ ನೋಡಿದ ಬ್ಯಾಂಕಿನ ವಕೀಲರು ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಹಳೆಯ ಆರು ಪತ್ರಗಳ ನಕಲು ತರಿಸಿ, ಪೆನ್ಸಿಲಿನಲ್ಲಿ ಅಂಚಿನ ಮೇಲೆ ಲೆಕ್ಕ ಹಾಕಿದರು. ಆರು 610 ಅಂದರೆ 3,660. ಉಳಿದದ್ದು 1,140. ಇಬ್ಬರಿಗೆ ಹಂಚಿದರೆ 570. "ನಿಮಗೆ 610 ಕೊಡೋಕೆ ಇವರ ಹತ್ರ ನೆಲನೇ ಇಲ್ಲ ಸಾರ್" ಎಂದರು.

ನೋಂದಣಿ ಕಚೇರಿಯ ಸಿಬ್ಬಂದಿಯನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರ ಮುಂದೆ ಬರುವುದು ಒಂದು ಫ್ಲಾಟಿನ ಒಂದು ಅರ್ಜಿ. ಹೆಸರು ಆಧಾರಿಗೆ ಹೊಂದುತ್ತಾ, ಇ-ಖಾತೆ ಇದೆಯಾ, ಶುಲ್ಕ ಸರಿಯಾ, ಅಷ್ಟೇ. ಇಡೀ ಕಟ್ಟಡ ಆ ಪರದೆಯ ಮೇಲೆ ಬರುವುದೇ ಇಲ್ಲ.

ಆದರೆ ಶುಲ್ಕದ ವಿಷಯಕ್ಕೆ ಬಂದರೆ ಸಿಟ್ಟು ಬರುತ್ತದೆ. ನಗರದಲ್ಲಿ 50 ಲಕ್ಷದ ಮನೆ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 3 ಲಕ್ಷದ 80 ಸಾವಿರ. ಇಷ್ಟು ತೆಗೆದುಕೊಂಡು ಸರ್ಕಾರ ಒಂದು ಕಳೆಯುವ ಲೆಕ್ಕ ಮಾಡಬಾರದಾ?

ಹೊಸ ಕಾನೂನೂ ಬೇಕಿಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಿಂದಲೇ ಇದೆ. ಇಡೀ ಕಟ್ಟಡಕ್ಕೆ ಒಂದು ಘೋಷಣಾ ಪತ್ರ, ಅದರಲ್ಲಿ ಯಾವ ಫ್ಲಾಟಿಗೆ ಶೇಕಡಾ ಎಷ್ಟು ಪಾಲು ಎಂದು ಬರೆದು ನೋಂದಣಿ ಮಾಡಿಸಬೇಕು ಎನ್ನುತ್ತದೆ ಅದು. ನಾನು ಕೇಳುವುದು ಇಷ್ಟೇ. ಆ ಪತ್ರ ಮೊದಲು ಆಗಲಿ, ಆಮೇಲೆ ಮೊದಲ ಫ್ಲಾಟಿನ ಅರ್ಜಿ ತೆಗೆದುಕೊಳ್ಳಿ. ಒಂದೊಂದು ಫ್ಲಾಟು ಹೋದ ಹಾಗೆ ಸಾಫ್ಟ್‌ವೇರೇ ಒಟ್ಟು ನೆಲದಲ್ಲಿ ಕಳೆಯುತ್ತಾ ಹೋಗಲಿ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಸ್ಟಾಕ್ ಇಡುವ ಹಾಗೆ. ಇಲ್ಲದ್ದನ್ನು ಕೊಡಲು ಹೋದರೆ ಅಲ್ಲೇ ತಡೆಯಲಿ.

ಬಿಲ್ಡರ್‌ಗಳ ಮೇಲೆ ಕಣ್ಣಿಡುವ ರೇರಾ ಕಾಯ್ದೆ ಇದೆಯಲ್ಲ ಎನ್ನುತ್ತೀರಿ. ಎಂಟಕ್ಕಿಂತ ಹೆಚ್ಚು ಮನೆ ಇಲ್ಲದಿದ್ದರೆ ರೇರಾ ನೋಂದಣಿ ಬೇಕಿಲ್ಲ. ಈಗ ಮತ್ತೆ ಎಣಿಸಿ, ಈ ಕಟ್ಟಡದಲ್ಲಿ ಎಷ್ಟು ಮನೆ? ಇಲ್ಲಿ ಸಣ್ಣ ಸೈಟಿನಲ್ಲಿ ಏಳುತ್ತಿರುವವು ಇಂಥವೇ ಅಲ್ವಾ.

ಸದ್ಯ ದಾರಿ ಒಂದೇ, ತಿದ್ದುಪಡಿ ಪತ್ರ. ಆ ಆರೂ ಜನ ಬಂದು 610ನ್ನು 600 ಮಾಡಿ ಸಹಿ ಹಾಕಬೇಕು. ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತದೆ, ಈ ಆರು ಜನ ಒಟ್ಟಿಗೆ ಸಿಗುವುದು ಯಾವಾಗಲೋ. ಐವರು ಒಪ್ಪಿದ್ದಾರೆ. ಒಬ್ಬರು ಬೆಂಗಳೂರಿನಲ್ಲಿದ್ದಾರೆ. ಭಾವ ಭಾನುವಾರ ಫೋನು ಮಾಡಿದ್ದರು. ಆ ಕಡೆಯಿಂದ ಬಂದ ಉತ್ತರ: "ಪತ್ರದಲ್ಲಿ 610 ಅಂತಿದೆ, ದುಡ್ಡೂ 610ಕ್ಕೇ ಕೊಟ್ಟಿದ್ದೀನಿ. ನನ್ನ ಹತ್ತು ಅಡಿ ನಾನ್ಯಾಕೆ ಬಿಡಲಿ?"