ಕೋಡ್ ಪಕ್ಕದಲ್ಲೇ ಕೈಪಿಡಿ

ಕೇಳುಗರಿಗೆ ನಮಸ್ಕಾರ.

ಒಂದು ಸಂಜೆ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಲು ಕೂತಿದ್ದೆ. ಕೈಪಿಡಿಯಲ್ಲಿ ಇದ್ದ ಹಾಗೇ, ಒಂದಕ್ಷರ ತಪ್ಪದೆ ಟೈಪ್ ಮಾಡಿದೆ. ಎರರ್ ಬಂತು. ಮತ್ತೆ ಮಾಡಿದೆ, ಮತ್ತೆ ಎರರ್. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಆ ಆಯ್ಕೆಯ ಹೆಸರು ಕೋಡ್‌ನಲ್ಲಿ ಯಾವತ್ತೋ ಬದಲಾಗಿತ್ತು. ಕೈಪಿಡಿಯಲ್ಲಿ ಹಳೆಯದೇ ಉಳಿದಿತ್ತು.

ಇದನ್ನು ಸೋಮಾರಿತನ ಅಂತ ನಾನು ಕರೆಯುವುದಿಲ್ಲ. ಎಷ್ಟೋ ಕಡೆ ಆಗುವ ಹಾಗೆ ಕೋಡ್ ಒಂದು ಕಡೆ, ಕೈಪಿಡಿ ಇನ್ನೆಲ್ಲೋ ಒಂದು ವರ್ಡ್ ಫೈಲಿನಲ್ಲಿ ಇದ್ದರೆ, ಕೋಡ್ ತಿದ್ದುವವರಿಗೆ ಅದು ನೆನಪಾಗುವುದಾದರೂ ಹೇಗೆ, ಅಲ್ವಾ?

ಎರಡನ್ನೂ ಒಂದೇ ಕಡೆ ಇಡಲು ನೆರವಾಗುವ ಟೂಲ್‌ಗಳು ಹಲವು ಇವೆ. ನನಗೆ ಜಾಸ್ತಿ ಇಷ್ಟವಾದದ್ದು ಸ್ಫಿಂಕ್ಸ್. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯನ್ನು ಮೊದಲು ಲೇಟೆಕ್ ಎಂಬ ಪುಟ ಜೋಡಿಸುವ ಟೂಲ್‌ನಲ್ಲಿ ಬರೆಯುತ್ತಿದ್ದರು. ಅದರ ಬದಲಿಗೆಂದು ಜಾರ್ಜ್ ಬ್ರಾಂಡಲ್ ಸ್ಫಿಂಕ್ಸ್ ಕಟ್ಟಿದರು. 2008ರಲ್ಲಿ ಅದು ಎಲ್ಲರ ಕೈಗೆ ಬಂತು. ಇದರಲ್ಲಿ ಬರೆಯುವುದು ಬರೀ ಟೆಕ್ಸ್ಟ್ ಫೈಲ್. ಒಂದು ಸಾಲು ಬರೆದು ಅದರ ಕೆಳಗೆ ಈಕ್ವಲ್ ಚಿಹ್ನೆಯನ್ನು ಉದ್ದಕ್ಕೂ ಒತ್ತಿದರೆ ಅದು ತಲೆಬರಹ. ಪದದ ಆಚೆ ಈಚೆ ಎರಡೆರಡು ನಕ್ಷತ್ರ ಇಟ್ಟರೆ ದಪ್ಪಕ್ಷರ. ಅದೇ ಬರಹದಿಂದ ವೆಬ್ ಪುಟ, ಪಿಡಿಎಫ್, ಈಪಬ್ ಇ-ಪುಸ್ತಕ ಎಲ್ಲವನ್ನೂ ತೆಗೆಯಬಹುದು. ಟೆಕ್ಸ್ಟ್ ಆದ್ದರಿಂದ ಕೋಡ್ ಜೊತೆಗೇ ಗಿಟ್‌ನಲ್ಲಿ, ಅಂದರೆ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್‌ನಲ್ಲಿ, ಇರುತ್ತದೆ. ಕೋಡ್ ತಿದ್ದಿದವರು ಅದೇ ಕಮಿಟ್‌ನಲ್ಲಿ, ಅಂದರೆ ಒಟ್ಟಿಗೆ ದಾಖಲಿಸುವ ಒಂದೇ ಕಂತಿನಲ್ಲಿ, ಕೈಪಿಡಿಯನ್ನೂ ತಿದ್ದಬಹುದು.

ಮಾರ್ಕ್‌ಡೌನ್ ಎಂಬ ಇನ್ನೊಂದು ಸರಳ ಬರೆಯುವ ಶೈಲಿ ರೂಢಿಯಾದವರಿಗೆ ಎಂಕೆಡಾಕ್ಸ್ ಇದೆ, ಡಾಕ್ಯುಸಾರಸ್ ಇದೆ. ಅವೂ ಒಳ್ಳೆಯವೇ.

ಆದರೆ ನನ್ನ ಮನಸ್ಸು ಗೆದ್ದದ್ದು ಸ್ಫಿಂಕ್ಸ್‌ನಲ್ಲಿ ಬಳಸಬಹುದಾದ ಡಾಕ್‌ಟೆಸ್ಟ್. ಕೈಪಿಡಿಯಲ್ಲಿ ಒಂದು ಉದಾಹರಣೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಮೇಲೆ ಕೋಡ್‌ನ ಒಂದು ಸಾಲು, ಕೆಳಗೆ ಅದರ ಉತ್ತರ. ಡಾಕ್‌ಟೆಸ್ಟ್ ಆ ಸಾಲನ್ನು ನಿಜವಾಗಿ ಓಡಿಸುತ್ತದೆ. ಉತ್ತರ ಹೊಂದದಿದ್ದರೆ, ಯಾವ ಫೈಲ್, ಎಷ್ಟನೇ ಸಾಲು, ಬರಬೇಕಾದ್ದು ಏನು, ಬಂದದ್ದು ಏನು, ಎಲ್ಲ ಹೇಳುತ್ತದೆ. ಸುಳ್ಳು ಹೇಳುವ ಉದಾಹರಣೆ ಓದುಗರನ್ನು ತಲುಪುವ ಮೊದಲೇ ಸಿಕ್ಕಿಬೀಳುತ್ತದೆ. ಸತ್ತ ಕೊಂಡಿಗಳನ್ನು ಹುಡುಕಲೂ ಸ್ಫಿಂಕ್ಸ್‌ನಲ್ಲಿ ಲಿಂಕ್‌ಚೆಕ್ ಇದೆ.

ಕೈಪಿಡಿಯನ್ನು ವೆಬ್‌ನಲ್ಲಿ ಪ್ರಕಟಿಸಲು 2010ರಲ್ಲಿ ಶುರುವಾದ ರೀಡ್ ದ ಡಾಕ್ಸ್ ಎಂಬ ತಾಣ ಇದೆ. ಹೊಸ ಕಮಿಟ್ ಕಳುಹಿಸಿದರೆ ಅದು ತಾನಾಗಿಯೇ ಪುಟಗಳನ್ನು ಹೊಸದಾಗಿ ಕಟ್ಟಿ ಹಾಕುತ್ತದೆ. ಹಳೆಯ ವರ್ಷನ್ ಬಳಸುವವರಿಗೆ ಹಳೆಯ ಕೈಪಿಡಿಯನ್ನೂ ಉಳಿಸಿಡಬಹುದು. ಇದು ಸಣ್ಣ ವಿಷಯವಲ್ಲ. ಎಲ್ಲರೂ ಒಂದೇ ದಿನ ಅಪ್‌ಡೇಟ್ ಮಾಡುವುದಿಲ್ಲವಲ್ಲ.

ಆ ಸಂಜೆ ನನ್ನನ್ನು ಕಾಡಿದ ಕೈಪಿಡಿಯೂ ಕೋಡ್ ಪಕ್ಕದಲ್ಲೇ ಇತ್ತು, ಆದರೆ ಅದಕ್ಕೆ ಯಾವ ಪರೀಕ್ಷೆಯೂ ಇರಲಿಲ್ಲ. ಫೈಲ್ ಹುಡುಕಿ, ಆ ಒಂದು ಪದ ತಿದ್ದಿ ಸಾಫ್ಟ್‌ವೇರ್ ಕಟ್ಟಿದವರಿಗೆ ಕಳುಹಿಸಿದೆ. ಮರುದಿನ ಸೇರಿಸಿಕೊಂಡಿದ್ದರು.

ನಮಸ್ಕಾರ.